ಕಾಲೇಜಿನ ಲೀಗಲ್ ಆಫೀಸ್ ನಿಮ್ಮ ವಕೀಲರಲ್ಲ: ಹೋಗುವ ಮುನ್ನ, ಹೋದ ಮೇಲೆ

ಜೂನ್ ಬಂತೆಂದರೆ ನನಗೆ ಬರುವ ಫೋನ್ ಕರೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: “ಕಾಲೇಜಿನಲ್ಲಿ ಲೀಗಲ್ ಆಫೀಸ್ ಎಂಬ ಬೋರ್ಡು ಇದೆ. ಅಲ್ಲಿ ಹೋಗಿ ಹೇಳಿಕೊಂಡರೆ ಕೆಲಸ ಆಗುತ್ತದೆಯೇ?” ಮಗಳಿಗೆ ಮುಂದಿನ ಸುತ್ತಿನಲ್ಲಿ ಬೇರೆ ಕಡೆ ಸೀಟು ಸಿಕ್ಕಿ, ಮೊದಲು ಕಟ್ಟಿದ ಹಣ ವಾಪಸು ಬೇಕಾದ ತಂದೆ ಕೇಳುತ್ತಾರೆ. ಹಾಜರಾತಿ ಕಡಿಮೆಯಾಯಿತೆಂದು ಪರೀಕ್ಷೆಯ ಪ್ರವೇಶಪತ್ರ ಸಿಗದ ಹುಡುಗ ಕೇಳುತ್ತಾನೆ. ಕೆಲಸ ಬಿಟ್ಟು ಆರು ತಿಂಗಳಾದರೂ ಅನುಭವ ಪತ್ರ ಕೈಗೆ ಬಾರದ ಉಪನ್ಯಾಸಕಿ ಕೇಳುತ್ತಾರೆ.

ಮಂಗಳೂರಿನ ಒಂದು ಶಿಕ್ಷಣ ಸಂಸ್ಥೆಯ ಇಂಥದೇ ಕೋಣೆಯಲ್ಲಿ ಕೆಲವು ವರ್ಷ ಮೇಜಿನ ಆಚೆ ಬದಿಯಲ್ಲಿ ಕುಳಿತವನು ನಾನು. ಈಗ ಈಚೆ ಬದಿಯಲ್ಲಿದ್ದೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ಮೊದಲು ಹೇಳಬೇಕಾದದ್ದು ಒಂದೇ ಮಾತು. ಆ ಕೋಣೆಯಲ್ಲಿರುವವರು ಕಾಲೇಜಿನ ಆಡಳಿತ ಮಂಡಳಿಗೆ ಸಲಹೆ ಕೊಡಲು ಸಂಬಳ ಪಡೆಯುವವರು. ಅವರ ಕಕ್ಷಿದಾರರು, ಅಂದರೆ ಅವರು ಯಾರ ಹಿತ ಕಾಯಬೇಕೋ ಆ ಪಕ್ಷ, ಸಂಸ್ಥೆ. ನೀವಲ್ಲ. ಅವರು ಒಳ್ಳೆಯವರಿರಬಹುದು, ನಿಮ್ಮ ಊರಿನವರೇ ಇರಬಹುದು, ಚಹಾ ತರಿಸಿ ಕೊಡಬಹುದು. ಆದರೂ ಕಕ್ಷಿದಾರರು ಬದಲಾಗುವುದಿಲ್ಲ.

ಹಾಗೆಂದು ಆ ಬಾಗಿಲಿಗೆ ಹೋಗಲೇಬಾರದು ಎಂದಲ್ಲ. ಎಷ್ಟೋ ಸಲ ನಿಮ್ಮ ಕಡತ ಬೇಗ ಸರಿಯಾಗುವುದು ಅಲ್ಲಿಯೇ. ನಿಯಮ ಏನು ಹೇಳುತ್ತದೆ ಎಂದು ಕಾಲೇಜಿನೊಳಗೆ ಬಾಯಿಬಿಟ್ಟು ಹೇಳಬಲ್ಲವರು ಹೆಚ್ಚಾಗಿ ಅವರೊಬ್ಬರೇ. ಹೇಗೆ ಹೋಗಬೇಕು, ಯಾವಾಗ ಬೇಡ, ಏನು ಹಿಡಿದುಕೊಂಡು ಹೋಗಬೇಕು ಎಂಬುದಷ್ಟೇ ಈ ಲೇಖನ.

ಆ ಕೋಣೆಯಲ್ಲಿ ದಿನವಿಡೀ ಏನು ನಡೆಯುತ್ತದೆ?

ಹೊರಗಿನವರು ಊಹಿಸುವಂತೆ ವಾದ, ವಾಗ್ವಾದ ಏನೂ ಅಲ್ಲ. ಬೆಳಿಗ್ಗೆ ಮೊದಲ ಕೆಲಸ ಅಂದಿನ ಪ್ರಕರಣಗಳ ಪಟ್ಟಿ ನೋಡುವುದು: ಸಂಸ್ಥೆ ಕಕ್ಷಿಯಾಗಿರುವ ಯಾವ ಕೇಸು ಯಾವ ನ್ಯಾಯಾಲಯದಲ್ಲಿದೆ, ಮುಂದಿನ ತಾರೀಖು ಯಾವುದು. ಆಮೇಲೆ ಒಪ್ಪಂದಗಳು. ಹಾಸ್ಟೆಲಿನ ಮೆಸ್ ಗುತ್ತಿಗೆ, ಬಸ್ ಬಾಡಿಗೆ, ಆಸ್ಪತ್ರೆಯ ಜೊತೆ ತರಬೇತಿ ಒಡಂಬಡಿಕೆ, ಲಿಫ್ಟ್ ನಿರ್ವಹಣೆ. ನಂತರ ಸಂಯೋಜನೆ ನವೀಕರಣದ ಕಾಗದ. ವಿಶ್ವವಿದ್ಯಾನಿಲಯ ಕಾಲೇಜಿಗೆ ಕೊಡುವ ಮಾನ್ಯತೆಯ ಸಂಬಂಧಕ್ಕೆ ಸಂಯೋಜನೆ ಎನ್ನುತ್ತಾರೆ. ಜಾಗದ ಕಡತ ತೆರೆದರೆ ಅದೇ ಒಂದು ಪುರಾಣ. ನಮ್ಮ ಕರಾವಳಿಯ ಹಳೆಯ ಸಂಸ್ಥೆಗಳ ಆವರಣದಲ್ಲಿ ಒಂದು ತುಂಡು ಮೂಲಗೇಣಿ (ಶಾಶ್ವತ ಗೇಣಿ), ಇನ್ನೊಂದು ತುಂಡು ದಾನಪತ್ರದಿಂದ ಬಂದದ್ದು, ಮತ್ತೊಂದಕ್ಕೆ ಪಹಣಿಯಲ್ಲಿ ಇನ್ನೂ ಯಾರದೋ ಅಜ್ಜನ ಹೆಸರು. ನಿಮ್ಮ ಶುಲ್ಕದ ಅರ್ಜಿ ಈ ಎಲ್ಲದರ ನಡುವೆ ಒಂದು ಕಾಗದ. ಅದು ತಡವಾದರೆ ಪ್ರತಿ ಸಲವೂ ದುರುದ್ದೇಶ ಹುಡುಕಬೇಕಾಗಿಲ್ಲ.

ಒಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ಅದೇ ಹೊತ್ತಿಗೆ ವಕೀಲಿಕೆ ಮಾಡುವಂತಿಲ್ಲ. ಆದ್ದರಿಂದ ಖಾಸಗಿ ಕಾಲೇಜಿನ ಸಂಬಳದ ಕಾನೂನು ಅಧಿಕಾರಿ ತನ್ನ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಅಮಾನತಿನಲ್ಲಿಟ್ಟಿರಬೇಕು. ನ್ಯಾಯಾಲಯದಲ್ಲಿ ಕಾಲೇಜಿನ ಪರ ವಕಾಲತ್ತು ಹಾಕುವುದು ಹೊರಗಿನ ವಕೀಲರು. ಒಳಗಿನವರು ಕಡತ ಸಿದ್ಧಪಡಿಸುತ್ತಾರೆ, ಹೊರಗಿನವರಿಗೆ ವಿವರ ಕೊಡುತ್ತಾರೆ.

ಇದು ನಿಮಗೆ ಏಕೆ ಮುಖ್ಯವೆಂದರೆ, ವಕೀಲರಿಗೆ ಕಕ್ಷಿದಾರ ಹೇಳಿದ ಗುಟ್ಟನ್ನು ಕಾಯುವ ರಕ್ಷಣೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಮಿನಲ್ಲಿದೆ. ಸಂಸ್ಥೆಯ ಸಂಬಳದ ಕಾನೂನು ಸಲಹೆಗಾರರಿಗೆ ಆ ಕಲಮಿನ ರಕ್ಷಣೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಸಂಸ್ಥೆಯ ಗುಟ್ಟಿಗೇ ಆ ರಕ್ಷಣೆ ಇಲ್ಲವೆಂದ ಮೇಲೆ, ನೀವು ಮನಸ್ಸು ಬಿಚ್ಚಿ ಹೇಳಿಕೊಂಡ ಮಾತಿಗೆ ಎಲ್ಲಿಯದು? ಅದು ಮರುದಿನ ಪ್ರಾಂಶುಪಾಲರ ಮೇಜಿನ ಮೇಲೆ ಟಿಪ್ಪಣಿಯಾಗಿ ಕುಳಿತಿದ್ದರೆ ಆಶ್ಚರ್ಯಪಡಬೇಡಿ.

ಇನ್ನೊಂದು ಗೊಂದಲ. ಕಾನೂನು ಕಾಲೇಜುಗಳಲ್ಲಿ ‘ಕಾನೂನು ನೆರವು ಘಟಕ’ ಎಂಬುದೊಂದು ಇರುತ್ತದೆ. ಅದು ಬಡವರಿಗೆ ಉಚಿತ ಸಲಹೆ ಕೊಡಲೆಂದು ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಸೇರಿ ನಡೆಸುವುದು. ನಾನು ಇಲ್ಲಿ ಹೇಳುತ್ತಿರುವ ಲೀಗಲ್ ಆಫೀಸ್ ಅದಲ್ಲ. ಬೋರ್ಡು ಓದಿ ಒಳಗೆ ಹೋಗಿ.

ಹಂತ 1: ನಿಮ್ಮ ಕಾಲೇಜು ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಸುರತ್ಕಲ್‌ನಿಂದ ಮಣಿಪಾಲದವರೆಗಿನ ಒಂದು ಗಂಟೆಯ ದಾರಿಯಲ್ಲೇ ಎಲ್ಲ ಬಗೆಯ ಸಂಸ್ಥೆಗಳಿವೆ. ಸುರತ್ಕಲ್‌ನ ಎನ್‌ಐಟಿಕೆ ಕೇಂದ್ರ ಸರ್ಕಾರದ ಸಂಸ್ಥೆ. ಮಣಿಪಾಲದ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) 1993ರಿಂದ ಡೀಮ್ಡ್ ವಿಶ್ವವಿದ್ಯಾನಿಲಯ. ನಿಟ್ಟೆ, ಯೆನೆಪೋಯ ಕೂಡ ಡೀಮ್ಡ್. ಸಂತ ಅಲೋಶಿಯಸ್ 2024ರಲ್ಲಿ ಆ ಸಾಲಿಗೆ ಸೇರಿತು. ಡೀಮ್ಡ್ ಎಂದರೆ ಬೇರೆ ವಿಶ್ವವಿದ್ಯಾನಿಲಯದ ಹಂಗಿಲ್ಲದೆ ತಾನೇ ಪದವಿ ಕೊಡುವ ಸಂಸ್ಥೆ. ಉಳಿದ ಹೆಚ್ಚಿನ ಪದವಿ ಕಾಲೇಜುಗಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ, ಎಂಜಿನಿಯರಿಂಗ್ ಕಾಲೇಜುಗಳು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ), ನರ್ಸಿಂಗ್ ಮತ್ತು ವೈದ್ಯಕೀಯದವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದವು.

ಇದು ತಿಳಿಯದೆ ಅರ್ಜಿ ಬರೆದರೆ ಕಾಗದ ಊರೂರು ಸುತ್ತುತ್ತದೆ. ಸಂಯೋಜಿತ ಕಾಲೇಜಿನ ಅಂಕಪಟ್ಟಿಯ ತಪ್ಪನ್ನು ಸರಿಪಡಿಸಬೇಕಾದವರು ವಿಶ್ವವಿದ್ಯಾನಿಲಯದ ಪರೀಕ್ಷಾಂಗ ಕುಲಸಚಿವರು. ಕಾಲೇಜಿನ ಕಾನೂನು ಅಧಿಕಾರಿಯ ಎದುರು ಗಂಟೆಗಟ್ಟಲೆ ಕುಳಿತರೂ ಅವರ ಕೈಯಲ್ಲಿ ಏನೂ ಇಲ್ಲ. ಡೀಮ್ಡ್ ಆಗಿದ್ದರೆ ಎಲ್ಲವೂ ಒಂದೇ ಆವರಣದೊಳಗೆ.

ನಿಮ್ಮ ಪ್ರವೇಶಪತ್ರದ ಅಥವಾ ಶುಲ್ಕ ರಸೀದಿಯ ತಲೆಬರಹ ನೋಡಿ. ಅಲ್ಲಿ ಟ್ರಸ್ಟಿನ ಹೆಸರು, ಕಾಲೇಜಿನ ಹೆಸರು, ವಿಶ್ವವಿದ್ಯಾನಿಲಯದ ಹೆಸರು ಮೂರೂ ಬೇರೆ ಬೇರೆ ಇರಬಹುದು. ಮೂರನ್ನೂ ಬರೆದಿಟ್ಟುಕೊಳ್ಳಿ.

ಹಂತ 2: ಇದು ಲೀಗಲ್ ಆಫೀಸಿನ ವಿಷಯವೇ?

ಕೆಲವು ದೂರುಗಳನ್ನು ಮೊದಲು ಅಲ್ಲಿಗೆ ಒಯ್ಯಲೇಬಾರದು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಲೈಂಗಿಕ ಕಿರುಕುಳದ ದೂರು ಹೋಗಬೇಕಾದದ್ದು ಆಂತರಿಕ ದೂರು ಸಮಿತಿಗೆ. ಯುಜಿಸಿಯ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ) 2015ರ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲಿ ಅದು ಇರಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರಾಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು, ಕುಲಪತಿ, ಕುಲಸಚಿವ, ವಿಭಾಗ ಮುಖ್ಯಸ್ಥರಂಥ ಅಧಿಕಾರದ ಸ್ಥಾನದಲ್ಲಿರುವವರು ಸದಸ್ಯರಾಗಿರಬಾರದು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. “ಮೊದಲು ಲೀಗಲ್ ಆಫೀಸಿನಲ್ಲಿ ಮಾತಾಡಿ, ಸಂಸ್ಥೆಯ ಹೆಸರು ನೋಡಿ” ಎಂದು ಯಾರಾದರೂ ಹೇಳಿದರೆ ನಯವಾಗಿ ಬೇಡವೆನ್ನಿ. ಕಾನೂನು ಅಧಿಕಾರಿ ಸಮಿತಿಗೆ ವಿಧಾನ ತಿಳಿಸಬಹುದು. ದೂರನ್ನು ಸೋಸುವ ಅಧಿಕಾರ ಅವರಿಗಿಲ್ಲ.

ರ್‍ಯಾಗಿಂಗ್ ಆದರೆ ರ್‍ಯಾಗಿಂಗ್ ತಡೆ ಸಮಿತಿ, ಜೊತೆಗೆ ಯುಜಿಸಿಯ ಸಹಾಯವಾಣಿ 1800-180-5522. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲೇ ರ್‍ಯಾಗಿಂಗ್ ಅಪರಾಧ. ಪೆಟ್ಟು ಬಿದ್ದಿದ್ದರೆ ಸಮಿತಿಗಾಗಿ ಕಾಯಬೇಡಿ, 112ಕ್ಕೆ ಫೋನ್ ಮಾಡಿ, ಆಸ್ಪತ್ರೆಯ ದಾಖಲೆ ಮಾಡಿಸಿ.

ಪಿಯು ವಿದ್ಯಾರ್ಥಿಗಳ ಪೋಷಕರಿಗೆ ಪ್ರತ್ಯೇಕ ಮಾತು. ನಮ್ಮಲ್ಲಿ ಪಿಯು ಮತ್ತು ಪದವಿ ಒಂದೇ ಆವರಣದಲ್ಲಿರುವುದು ಸಾಮಾನ್ಯ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಅದು ಪೋಕ್ಸೊ ಪ್ರಕರಣ. ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಇಲ್ಲಿ “ಒಳಗೊಳಗೇ ಮುಗಿಸುವುದು” ಎಂಬ ದಾರಿಯೇ ಇಲ್ಲ. ಮಕ್ಕಳ ಸಹಾಯವಾಣಿ 1098.

ಶುಲ್ಕ ವಾಪಸಾತಿ, ಮೂಲ ಪ್ರಮಾಣಪತ್ರ, ಬಾಂಡ್ (ನಡುವೆ ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಎಂಬ ಮುಚ್ಚಳಿಕೆ), ಶಿಸ್ತು ಕ್ರಮದ ನೋಟಿಸು, ಸೇವೆಯ ಲೆಕ್ಕ ಚುಕ್ತಾ. ಇವುಗಳಲ್ಲಿ ಲೀಗಲ್ ಆಫೀಸಿನ ಮಾತಿಗೆ ತೂಕವಿದೆ. ಹಾಜರಾತಿಯ ವಿಷಯದಲ್ಲಿ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ವಿಟಿಯುನಲ್ಲಿ 85 ಶೇಕಡಾ, ಹೆಚ್ಚಿನ ಇತರ ಕಡೆ 75 ಶೇಕಡಾ ಬೇಕು. ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಕೊಡುವ ಮಿತಿಯೂ ನಿಯಮದಲ್ಲೇ ಬರೆದಿರುತ್ತದೆ. ಅದನ್ನು ದಾಟಿ ಕೊಡಿಸುವ ಶಕ್ತಿ ಕಾನೂನು ಅಧಿಕಾರಿಗೆ ಇಲ್ಲ, ನ್ಯಾಯಾಲಯಗಳೂ ಸುಲಭಕ್ಕೆ ಕೈಹಾಕುವುದಿಲ್ಲ.

ಹಂತ 3: ನಿಯಮವನ್ನು ನೀವೇ ಒಮ್ಮೆ ಓದಿ

ಹೆಚ್ಚು ಕೇಳುವ ಶುಲ್ಕ ವಾಪಸಾತಿಯನ್ನೇ ತೆಗೆದುಕೊಳ್ಳೋಣ. ಯುಜಿಸಿ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಲೆಕ್ಕ ಹೀಗಿದೆ. ಪ್ರವೇಶಕ್ಕೆ ಪ್ರಕಟಿಸಿದ ಕೊನೆಯ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ ಪೂರ್ಣ ಶುಲ್ಕ ವಾಪಸು. ಸಂಸ್ಕರಣಾ ವೆಚ್ಚವೆಂದು 5 ಶೇಕಡಾ, ಗರಿಷ್ಠ 5,000 ರೂಪಾಯಿ ಹಿಡಿದುಕೊಳ್ಳಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ಟರೆ 90 ಶೇಕಡಾ. ಕೊನೆಯ ದಿನ ಕಳೆದು 15 ದಿನಗಳೊಳಗೆ 80, 16ರಿಂದ 30 ದಿನಗಳೊಳಗೆ 50. ಅದಾದ ಮೇಲೆ ಸೊನ್ನೆ. ಭದ್ರತಾ ಠೇವಣಿಯನ್ನು ಪೂರ್ತಿಯಾಗಿ ಕೊಡಬೇಕು. ಲಿಖಿತ ಅರ್ಜಿ ಬಂದ 15 ದಿನಗಳಲ್ಲಿ ಹಣ ಪಾವತಿಯಾಗಬೇಕು.

ಉದಾಹರಣೆಗೆ ಕೊನೆಯ ದಿನ ಆಗಸ್ಟ್ 14 ಎಂದಿಟ್ಟುಕೊಳ್ಳಿ. ನೀವು ಆಗಸ್ಟ್ 5ರಂದು ಅರ್ಜಿ ಕೊಟ್ಟಿರಿ. ಶುಲ್ಕ 80,000. ಬರಬೇಕಾದದ್ದು 72,000 ಮತ್ತು ಠೇವಣಿ. ಅದೇ ಅರ್ಜಿಯನ್ನು “ಸೋಮವಾರ ಕೊಟ್ಟರಾಯಿತು” ಎಂದು ಮುಂದೂಡುತ್ತಾ ಸೆಪ್ಟೆಂಬರ್ 5ಕ್ಕೆ ಕೊಟ್ಟರೆ 40,000. ಒಂದು ತಿಂಗಳ ಆಲಸ್ಯಕ್ಕೆ 32,000 ರೂಪಾಯಿ.

ಇದರ ಮೇಲೆ ಯುಜಿಸಿ ಕೆಲವು ವರ್ಷ ಹೆಚ್ಚಿನ ರಿಯಾಯಿತಿ ಪ್ರಕಟಿಸುತ್ತದೆ. 2024-25ರ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಪೂರ್ಣ ವಾಪಸಾತಿ, ಅಕ್ಟೋಬರ್ 31ರವರೆಗೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯಬಾರದು ಎಂದಿತ್ತು. ನಿಮ್ಮ ವರ್ಷದ ಸುತ್ತೋಲೆ ಯಾವುದೆಂದು ಯುಜಿಸಿಯ ಜಾಲತಾಣದಲ್ಲಿ ನೋಡಿ, ಮುದ್ರಿಸಿ, ಅರ್ಜಿಗೆ ಲಗತ್ತಿಸಿ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬಂದ ಸೀಟಾದರೆ ಕೆಇಎಯ ಷರತ್ತುಗಳನ್ನು ಮೊದಲು ಓದಬೇಕು, ಲೆಕ್ಕ ಬೇರೆಯಾಗಿರುತ್ತದೆ.

ಅದೇ 2018ರ ಅಧಿಸೂಚನೆ ಮೂಲ ಪ್ರಮಾಣಪತ್ರಗಳನ್ನೂ ಮುಟ್ಟುತ್ತದೆ: ಕಾಲೇಜು ಅವನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಒತ್ತೆಯಾಗಿ ಇಟ್ಟುಕೊಳ್ಳಬಾರದು. “ಎಲ್ಲರೂ ಇಟ್ಟುಕೊಳ್ಳುತ್ತಾರೆ” ಎಂಬ ಉತ್ತರ ಬರಬಹುದು. ಅದು ನಿಯಮವಲ್ಲ.

ಬಾಂಡಿನ ವಿಷಯಕ್ಕೆ ಒಂದೇ ಮಾತು. ನೀವು ಛಾಪಾ ಕಾಗದದ ಮೇಲೆ ಐದು ಲಕ್ಷಕ್ಕೆ ಸಹಿ ಹಾಕಿದ್ದೀರಿ ಎಂದ ಮಾತ್ರಕ್ಕೆ ಐದು ಲಕ್ಷವೂ ಕಣ್ಣುಮುಚ್ಚಿ ಕೊಡಬೇಕೆಂದಿಲ್ಲ. ಕರಾರು ಕಾಯ್ದೆ 1872ರ 74ನೇ ಕಲಮು ನಮೂದಿಸಿದ ಮೊತ್ತವನ್ನು ಮೇಲಿನ ಮಿತಿಯೆಂದು ನೋಡುತ್ತದೆ. ಸಿಗುವುದು ಅದರೊಳಗಿನ ನ್ಯಾಯೋಚಿತ ಪರಿಹಾರ. ಹಾಗೆಂದು ಬಾಂಡು ಬರಿಯ ಬೆದರಿಕೆ ಎಂದು ಹೇಳುವವರ ಮಾತನ್ನೂ ನಂಬಬೇಡಿ, ಸರ್ಕಾರಿ ಸೇವೆಯ ಬಾಂಡುಗಳದು ಬೇರೆಯೇ ದಾರಿ.

ಹಂತ 4: ಅರ್ಜಿ ಒಂದು ಪುಟ, ಬೈಗುಳ ಸೊನ್ನೆ

ಅರ್ಜಿಯನ್ನು ಲೀಗಲ್ ಆಫೀಸಿನ ಹೆಸರಿಗೆ ಬರೆಯಬೇಡಿ. ಪ್ರಾಂಶುಪಾಲರಿಗೆ ಅಥವಾ ಕುಲಸಚಿವರಿಗೆ ಬರೆಯಿರಿ. ನಿರ್ಧಾರ ಮಾಡುವವರು ಅವರು. ಕೆಳಗೆ ‘ಪ್ರತಿ: ಕಾನೂನು ಅಧಿಕಾರಿ’ ಎಂದು ಸೇರಿಸಿ. ಆಗ ಪ್ರಾಂಶುಪಾಲರು ಕಾನೂನು ಅಧಿಕಾರಿಯ ಅಭಿಪ್ರಾಯ ಕೇಳುತ್ತಾರೆ, ಕೇಳಿದ್ದಕ್ಕೆ ಕಡತದಲ್ಲಿ ಲಿಖಿತ ಉತ್ತರ ಬರುತ್ತದೆ. ಕಡತದಲ್ಲಿ “ನಿಯಮದಂತೆ ಪಾವತಿಸಬೇಕಾಗುತ್ತದೆ” ಎಂಬ ಒಂದು ಸಾಲು ಬಿದ್ದಮೇಲೆ ಲೆಕ್ಕಪತ್ರ ವಿಭಾಗ ಅದನ್ನು ಮೀರುವುದು ಅಪರೂಪ. ನಾನೇ ಅಂಥ ಸಾಲುಗಳನ್ನು ಎಷ್ಟೋ ಬರೆದಿದ್ದೇನೆ. ಯಾರೂ ಕೇಳದಿದ್ದರೆ ಬರೆಯಲು ಅವಕಾಶವೇ ಇರುವುದಿಲ್ಲ.

ಅರ್ಜಿಯ ಒಡಲು ಹೀಗಿರಲಿ:

“ವಿಷಯ: ಪ್ರವೇಶ ರದ್ದತಿ ಮತ್ತು ಶುಲ್ಕ ವಾಪಸಾತಿ.
ನಾನು ದಿನಾಂಕ ….ರಂದು ಬಿ.ಕಾಂ. ಪ್ರಥಮ ವರ್ಷಕ್ಕೆ ಪ್ರವೇಶ ಪಡೆದು, ರಸೀದಿ ಸಂಖ್ಯೆ ….ರಂತೆ ರೂ. …. ಪಾವತಿಸಿರುತ್ತೇನೆ. ದಿನಾಂಕ ….ರಂದು ಈ ಅರ್ಜಿಯ ಮೂಲಕ ಪ್ರವೇಶ ಹಿಂಪಡೆಯುತ್ತಿದ್ದೇನೆ. ಯುಜಿಸಿ ಅಧಿಸೂಚನೆಯಂತೆ ರೂ. …. ಮತ್ತು ಠೇವಣಿ ರೂ. …. ಅನ್ನು ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿಯೂ, ಮೂಲ ಪ್ರಮಾಣಪತ್ರಗಳನ್ನು (ಪಟ್ಟಿ ಲಗತ್ತಿಸಿದೆ) ಹಿಂದಿರುಗಿಸಬೇಕಾಗಿಯೂ ಕೋರುತ್ತೇನೆ. ಕೋರಿಕೆ ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.”

ಇಷ್ಟೇ. ಕೊನೆಯ ವಾಕ್ಯವನ್ನು ಬಿಡಬೇಡಿ. ಮುಂದಿನ ಎಲ್ಲ ಮೆಟ್ಟಿಲುಗಳಿಗೆ ಬೇಕಾದದ್ದು ಲಿಖಿತ ನಿರಾಕರಣೆ ಅಥವಾ ಲಿಖಿತ ಮೌನ.

ನಾಲ್ಕು ಪುಟ ಬರೆದು, ಮೂರನೇ ಪುಟದಲ್ಲಿ ಟ್ರಸ್ಟಿಗಳ ವಂಶಾವಳಿ ಎತ್ತಿದವರನ್ನು ನೋಡಿದ್ದೇನೆ. ಅಂಥ ಅರ್ಜಿ ಓದಿದ ಕಾನೂನು ಅಧಿಕಾರಿ ಮೊದಲು ಮಾಡುವ ಕೆಲಸ, ಅದರಲ್ಲಿ ಮಾನಹಾನಿಯ ಸಾಲು ಯಾವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಲೇಜಿನ ಹೆಸರು ಹಾಕಿ “ಕಳ್ಳರು” ಎಂದು ಬರೆಯುವುದೂ ಅಷ್ಟೇ. ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅಪರಾಧ. ನಿಮ್ಮ ಹಣದ ಮಾತು ಅಲ್ಲಿಗೆ ನಿಂತು, ನಿಮ್ಮ ಸ್ಕ್ರೀನ್‌ಶಾಟಿನ ಮಾತು ಶುರುವಾಗುತ್ತದೆ.

ಹಂತ 5: ಸ್ವೀಕೃತಿ

ಇದೇ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ. ಅರ್ಜಿಯನ್ನು ಆಫೀಸಿನ ಯಾರದೋ ಕೈಗೆ ಕೊಟ್ಟು ಬರುತ್ತಾರೆ. ತಿಂಗಳಾದ ಮೇಲೆ ಅದು ಬಂದೇ ಇಲ್ಲ.

ಎರಡು ಪ್ರತಿ ಮಾಡಿ. ಟಪಾಲು ವಿಭಾಗಕ್ಕೆ ಹೋಗಿ. ಅಲ್ಲಿ ಉದ್ದನೆಯ ಆವಕ ಪುಸ್ತಕ ಇರುತ್ತದೆ, ಬಂದ ಕಾಗದಗಳನ್ನೆಲ್ಲ ಕ್ರಮಸಂಖ್ಯೆ ಹಾಕಿ ಬರೆಯುವುದು ಅದರಲ್ಲೇ. ನಿಮ್ಮ ಎರಡನೇ ಪ್ರತಿಯ ಮೇಲೆ ಮೂರು ಗುರುತು ಬೀಳಬೇಕು: ದುಂಡು ಮೊಹರು, ದಿನಾಂಕ, ಆವಕ ಸಂಖ್ಯೆ. ಮೊಹರಿನ ಶಾಯಿ ಒಣಗಿ ದಿನಾಂಕ ಮಸುಕಾಗಿದ್ದರೆ ಪಕ್ಕದಲ್ಲಿ ಪೆನ್ನಿನಿಂದ ಬರೆಸಿಕೊಳ್ಳಿ. ನಾಚಿಕೆ ಬೇಡ. ಅಂದೇ ಸಂಜೆ ಅದೇ ಅರ್ಜಿಯನ್ನು ಕಾಲೇಜಿನ ಅಧಿಕೃತ ಇಮೇಲಿಗೂ ಕಳುಹಿಸಿ.

ಇಮೇಲ್ ಏಕೆಂದರೆ, ಇದು ಕರಾವಳಿ. ಪ್ರವೇಶದ ಗಡಿಬಿಡಿಯೂ ಮಳೆಯ ಆರ್ಭಟವೂ ಒಟ್ಟಿಗೇ ಬರುತ್ತವೆ. ಜಿಲ್ಲಾಧಿಕಾರಿಗಳು ಬೆಳಿಗ್ಗೆ ರಜೆ ಘೋಷಿಸಿದರೆ ಟಪಾಲು ವಿಭಾಗದ ಬಾಗಿಲೂ ಮುಚ್ಚಿರುತ್ತದೆ. ನಿಮ್ಮ 15 ದಿನದ ಗಡುವು ಮಳೆಗೆ ನಿಲ್ಲುವುದಿಲ್ಲ. ಇಮೇಲಿನ ದಿನಾಂಕ ನಿಮ್ಮನ್ನು ಕಾಯುತ್ತದೆ.

ಹಂತ 6: ಕಾನೂನು ಅಧಿಕಾರಿಯ ಎದುರು ಕುಳಿತಾಗ

ಅರ್ಜಿ ಕೊಟ್ಟು ವಾರ ಕಳೆದ ಮೇಲೆ ಭೇಟಿಗೆ ಸಮಯ ಕೇಳಿ. ಶಿಫಾರಸು ಹಿಡಿದು ಹೋಗಬೇಡಿ. “ನಿಮ್ಮ ಟ್ರಸ್ಟಿಯವರು ನಮಗೆ ಸಂಬಂಧಿಕರು” ಎಂಬ ಆರಂಭ ನಮ್ಮ ಜಿಲ್ಲೆಗಳಲ್ಲಿ ರಕ್ತಗತ. ಆದರೆ ಕಾನೂನು ಅಧಿಕಾರಿಗೆ ಅದು ತಲೆನೋವು. ಶಿಫಾರಸಿನ ಮೇಲೆ ಹಣ ಕೊಟ್ಟರೆಂದು ನಾಳೆ ಲೆಕ್ಕಪರಿಶೋಧಕರು ಕೇಳುತ್ತಾರೆ. ನಿಯಮದ ಮೇಲೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಅವರಿಗೆ ನಿಯಮದ ದಾರಿಯನ್ನೇ ಕೊಡಿ.

ಕೇಳಬೇಕಾದದ್ದು ಮೂರೇ: ನನ್ನ ಅರ್ಜಿ ಈಗ ಯಾರ ಮೇಜಿನಲ್ಲಿದೆ? ಯಾವ ನಿಯಮದಂತೆ ತೀರ್ಮಾನವಾಗುತ್ತದೆ? ಯಾವ ದಿನಾಂಕದೊಳಗೆ ಲಿಖಿತ ಉತ್ತರ ಸಿಗುತ್ತದೆ? ಮನೆಗೆ ಬಂದು “ಇಂದು ಭೇಟಿಯಲ್ಲಿ ತಾವು ತಿಳಿಸಿದಂತೆ…” ಎಂದು ಎರಡು ಸಾಲಿನ ಇಮೇಲ್ ಹಾಕಿ. ಬಾಯಿಮಾತು ಹೀಗೆ ದಾಖಲೆಯಾಗುತ್ತದೆ.

ಮಾಡಬಾರದ್ದು: ನಿಮ್ಮ ತಪ್ಪುಗಳನ್ನು ವಿವರಿಸುವುದು, ಬೇರೆ ವಿದ್ಯಾರ್ಥಿಗಳ ಹೆಸರು ಎಳೆಯುವುದು, ಅಲ್ಲೇ ಬಿಳಿ ಹಾಳೆಯಲ್ಲಿ ‘ಕ್ಷಮಾಪಣಾ ಪತ್ರ’ ಬರೆದುಕೊಡುವುದು. ಶಿಸ್ತು ಕ್ರಮದ ಪ್ರಕರಣಗಳಲ್ಲಿ ಹದಿನೆಂಟು ಹತ್ತೊಂಬತ್ತರ ಮಕ್ಕಳು ಹೆದರಿ ಬರೆದುಕೊಟ್ಟ ಆ ಒಂದು ಹಾಳೆಯೇ ಆಮೇಲೆ ತಪ್ಪೊಪ್ಪಿಗೆಯಾಗಿ ಕಡತದ ಮೊದಲ ಪುಟದಲ್ಲಿ ಕೂರುತ್ತದೆ. ಕಾರಣ ಕೇಳುವ ನೋಟಿಸು, ಅಂದರೆ ‘ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ತಿಳಿಸಿ’ ಎಂಬ ಪತ್ರ ಬಂದರೆ ಆರೋಪದ ವಿವರ ಮತ್ತು ದಾಖಲೆಗಳ ಪ್ರತಿ ಕೇಳಿ, ಉತ್ತರಕ್ಕೆ ಸಮಯ ಕೇಳಿ. ಮನೆಯಲ್ಲಿ ಕುಳಿತು ಉತ್ತರ ಬರೆಯಿರಿ.

ಕಾಲೇಜಿನಿಂದ ವಕೀಲರ ನೋಟಿಸು ಬಂದರೂ ಗಾಬರಿ ಬೇಡ. ಅದು ನ್ಯಾಯಾಲಯದ ಆದೇಶವಲ್ಲ, ಒಬ್ಬ ಕಕ್ಷಿ ಇನ್ನೊಬ್ಬರಿಗೆ ಬರೆದ ಪತ್ರ. ನ್ಯಾಯಾಲಯದಿಂದ ಬರುವುದು ಸಮನ್ಸ್. ಅದರ ಮೇಲೆ ಪ್ರಕರಣದ ಸಂಖ್ಯೆಯೂ ನ್ಯಾಯಾಲಯದ ಮೊಹರೂ ಹಾಜರಾಗಬೇಕಾದ ತಾರೀಖೂ ಇರುತ್ತದೆ. ನೋಟಿಸಿಗೆ ಉತ್ತರಿಸದಿರುವುದು ಜಾಣತನವಲ್ಲ. ಸಮನ್ಸ್ ಬಂದಮೇಲೆ ಹಾಜರಾಗದಿರುವುದು ಅಪಾಯ.

ಹಂತ 7: ಉತ್ತರ ಬಾರದಿದ್ದರೆ

ಮೊದಲ ಮೆಟ್ಟಿಲು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಯುಜಿಸಿಯ 2023ರ ನಿಯಮಾವಳಿಯಂತೆ ಇದು ಪ್ರತಿ ಸಂಸ್ಥೆಯಲ್ಲಿರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಸಿಗಬೇಕು. ತೃಪ್ತಿಯಾಗದಿದ್ದರೆ ನಿರ್ಧಾರ ಕೈಸೇರಿದ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಇವರು ವಿಶ್ವವಿದ್ಯಾನಿಲಯ ನೇಮಿಸಿದ ಸ್ವತಂತ್ರ ವ್ಯಕ್ತಿ: ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶ. ಸಂಯೋಜಿತ ಕಾಲೇಜಿನವರಿಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್, ಡೀಮ್ಡ್ ಆದರೆ ಅದರದೇ. ಸಮಿತಿಯನ್ನು ದಾಟಿ ನೇರವಾಗಿ ಅಲ್ಲಿಗೆ ಹಾರುವಂತಿಲ್ಲ. ಅಂಕ ಮರುಎಣಿಕೆ, ಮರುಮೌಲ್ಯಮಾಪನದ ಬೇಡಿಕೆಯನ್ನೂ ಅಲ್ಲಿ ಕೇಳುವುದಿಲ್ಲ, ಫಲಿತಾಂಶವನ್ನೇ ಕೆಡಿಸಿದ ನಿರ್ದಿಷ್ಟ ಅಕ್ರಮವೋ ತಾರತಮ್ಯವೋ ಇದ್ದರೆ ಹೊರತು.

ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕಿನ ಅರ್ಜಿ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಎನ್‌ಐಟಿಕೆಯಂಥ ಕೇಂದ್ರ ಸಂಸ್ಥೆಗೆ ಕೇಂದ್ರದ ನಿಯಮ ಅನ್ವಯ. ಖಾಸಗಿ ಕಾಲೇಜಿನವರು “ನಮಗೆ ಆರ್‌ಟಿಐ ಅನ್ವಯಿಸುವುದಿಲ್ಲ” ಎಂದರೆ ಜಗಳವಾಡುತ್ತಾ ಕೂರಬೇಡಿ. ಕಾಲೇಜಿನ ಸಂಯೋಜನೆಯ ಷರತ್ತು, ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ದಾಖಲೆ ಇವೆಲ್ಲ ಮಂಗಳೂರು ವಿಶ್ವವಿದ್ಯಾನಿಲಯದಲ್ಲೇ ಇರುತ್ತವೆ. ಅರ್ಜಿಯನ್ನು ಕೊಣಾಜೆಗೆ ಹಾಕಿ.

ಉಚಿತ ಸಲಹೆಗೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಲೆಕ್ಕವಿಲ್ಲದೆ ವಕೀಲರು ಸಿಗುತ್ತಾರೆ. ಇದನ್ನು ಬಳಸುವ ವಿದ್ಯಾರ್ಥಿನಿಯರು ತೀರಾ ಕಡಿಮೆ. ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎನ್ನುವವರಿಗೆ ಎಚ್ಚರಿಕೆ. ಶಿಕ್ಷಣ ‘ಸೇವೆ’ ಹೌದೋ ಅಲ್ಲವೋ ಎಂಬುದರ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಒಮ್ಮತವಿಲ್ಲ. ಆ ದಾರಿ ಹಿಡಿಯುವ ಮುನ್ನ ವಕೀಲರ ಮಾತು ಕೇಳಿ. ಹೈಕೋರ್ಟಿನ ರಿಟ್ ಅರ್ಜಿ, ಅಂದರೆ ಸಾರ್ವಜನಿಕ ಕರ್ತವ್ಯ ತಪ್ಪಿದವರಿಗೆ ಆದೇಶ ಕೊಡಿ ಎಂಬ ಮೊರೆ, ಕೊನೆಯ ಮೆಟ್ಟಿಲು. ದಕ್ಷಿಣ ಕನ್ನಡ ಮತ್ತು ಉಡುಪಿಗೆ ಹೈಕೋರ್ಟ್ ಎಂದರೆ ಬೆಂಗಳೂರಿನ ಪ್ರಧಾನ ಪೀಠ. ಶಿರಾಡಿ ಘಾಟಿ ಹತ್ತಿ ಇಳಿಯುವ ಖರ್ಚು, ವಕೀಲರ ಶುಲ್ಕ ಎರಡನ್ನೂ ಕೂಡಿಸಿ ನೋಡಿ. ಹದಿನೆಂಟು ಸಾವಿರದ ವಿವಾದಕ್ಕೆ ಅದು ಹೊಂದುವುದಿಲ್ಲ. ಒಂದು ವರ್ಷ ಹಾಳಾಗುವ ಪ್ರಕರಣಕ್ಕೆ ಹೊಂದುತ್ತದೆ. ಕಾಲೇಜು ಮೊದಲೇ ಕೇವಿಯಟ್ ಹಾಕಿರಬಹುದು ಎಂಬುದೂ ನೆನಪಿರಲಿ. ‘ನಮ್ಮನ್ನು ಕೇಳದೆ ತಡೆಯಾಜ್ಞೆ ಕೊಡಬೇಡಿ’ ಎಂಬ ಮುಂಗಡ ಅರ್ಜಿ ಅದು, 90 ದಿನ ಜೀವಂತವಿರುತ್ತದೆ.

ಅಧ್ಯಾಪಕರಿಗೆ, ಸಿಬ್ಬಂದಿಗೆ

ನಿಮ್ಮ ದಾರಿ ಬೇರೆ. ಖಾಸಗಿ ಸಂಸ್ಥೆ ವಜಾ ಮಾಡಿದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು. ಜಿಲ್ಲಾ ನ್ಯಾಯಾಧೀಶರೇ ಆ ನ್ಯಾಯಮಂಡಳಿ, ಹಾಗಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮೂರು ತಿಂಗಳು ಮಾತುಕತೆಯಲ್ಲೇ ಕಳೆದುಹೋಗುತ್ತದೆ, “ಮುಂದಿನ ಮಂಡಳಿ ಸಭೆಯಲ್ಲಿ ನೋಡೋಣ” ಎಂಬ ಮಾತಿಗೆ ಕಾದವರು ಗಡುವು ತಪ್ಪಿಸಿಕೊಂಡಿದ್ದಾರೆ. ಮಾತುಕತೆ ನಡೆಯಲಿ, ಮೇಲ್ಮನವಿಯೂ ಸಿದ್ಧವಿರಲಿ. ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಯ ಕೊನೆಯಲ್ಲಿ ಸಿಗುವ ಇಡುಗಂಟು, ಖಾಸಗಿ ಸಂಸ್ಥೆಗಳ ಶಿಕ್ಷಕರಿಗೂ ಸಲ್ಲುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ರಾಜೀನಾಮೆ ಪತ್ರದಲ್ಲಿ “ನನಗೆ ಬರಬೇಕಾದದ್ದು ಏನೂ ಇಲ್ಲ” ಎಂದು ಬರೆಯಿಸಿಕೊಳ್ಳುವ ರೂಢಿ ಕೆಲವೆಡೆ ಇದೆ. ಆ ಸಾಲನ್ನು ಹೊಡೆದು ಹಾಕಿ ಸಹಿ ಮಾಡಿ.

ಹಂತ 8: ರಾಜಿಗೆ ಕರೆದಾಗ

ನಿಮ್ಮ ಕಾಗದಗಳು ಗಟ್ಟಿಯಿದ್ದರೆ ಹೆಚ್ಚಾಗಿ ಇದೇ ಆಗುತ್ತದೆ. ಕಾನೂನು ಅಧಿಕಾರಿ ಫೋನ್ ಮಾಡಿ ಬನ್ನಿ ಎನ್ನುತ್ತಾರೆ. ಹೋಗಿ. ಮೇಜಿನ ಮೇಲೆ ಎರಡು ಪುಟದ ಒಪ್ಪಂದ ಇರುತ್ತದೆ, ಕೆಳಗೆ ನಿಮ್ಮ ಹೆಸರು ಟೈಪಾಗಿರುತ್ತದೆ. ಅಲ್ಲೇ ಸಹಿ ಹಾಕಬೇಡಿ, ಒಂದು ಪ್ರತಿ ಮನೆಗೆ ತನ್ನಿ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಪದಗಳಿದ್ದರೆ ಇನ್ನು ಮುಂದೆ ಆ ವಿಷಯದಲ್ಲಿ ಏನನ್ನೂ ಕೇಳುವುದಿಲ್ಲ ಎಂದು ನೀವು ಒಪ್ಪಿದಂತೆ. ಮೊತ್ತದಲ್ಲಿ ಠೇವಣಿ ಸೇರಿದೆಯೇ, ಪ್ರಮಾಣಪತ್ರಗಳ ಪಟ್ಟಿ ಇದೆಯೇ, ಹಣ ಯಾವ ದಿನಾಂಕದೊಳಗೆ ಎಂದು ಬರೆದಿದೆಯೇ ನೋಡಿ. ‘ಆದಷ್ಟು ಬೇಗ’ ಎಂದಿದ್ದರೆ ದಿನಾಂಕ ಹಾಕಿಸಿ. ಸಮಿತಿಗೆ ಕೊಟ್ಟ ದೂರನ್ನು ಹಿಂಪಡೆಯುವ ಪತ್ರಕ್ಕೆ ಇದರ ಜೊತೆಗೇ ಸಹಿ ಕೇಳುತ್ತಾರೆ. ಹಣ ಖಾತೆಗೆ ಬಂದ ಸಂದೇಶ ಮೊಬೈಲಿನಲ್ಲಿ ಕಂಡ ಮೇಲೆ, ಹತ್ತನೇ ತರಗತಿಯಿಂದ ಹಿಡಿದು ವರ್ಗಾವಣೆ ಪತ್ರದವರೆಗೆ ಒಂದೊಂದೇ ಮೂಲ ಕಾಗದವನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡ ಮೇಲೆ, ಆ ಪತ್ರಕ್ಕೆ ಸಹಿ ಹಾಕಿ.